‘ಸ್ನಾಬ’ನೆಂಬ ಬೈಗಳು: ಅದರ ಹುಟ್ಟೂ ಕಿತ್ತೂರಿನ ನಂಟೂ

ಸವದತ್ತಿ ಕಡೆಯ ಶಿಕ್ಷಕ ಮಿತ್ರರೊಬ್ಬರು ನಮಗೆ ಒಂದು ಪ್ರಶ್ನೆಯನ್ನು ಬರೆದು ಕಳಿಸಿರುವರು. ಮೇಲಿನ ತರಗತಿಯ ಹುಡುಗರಿಗೆ ಇಂಗ್ಲೀಷ ಪಾಠವನ್ನು ಹೇಳುತ್ತಿರುವಾಗ ‘ಸ್ನಾಬ್’ ಎಂಬ ಶಬ್ದವು ಬಂದಿತಂತೆ. ಕೋಶವನ್ನು ತೆಗೆದು ನೋಡಿ ‘ಡಂಭಾಚಾರಿ’ ಎಂದು ಅರ್ಥ ಹೇಳಿದರಂತೆ. ಆಗ ಒಬ್ಬ ಹುಡುಗನು ಎದ್ದು ನಿಂತು ‘ಸರ್, ಡಂಭಾಚಾರಿ ಅಂದರೇನು?’ ಎಂದು ಕೇಳಿದನಂತೆ. ‘ಇಂಗ್ಲೀಷಿನ ಬೈಗಳನ್ನು ಸಂಸ್ಕೃತದ ಬೈಗಳಿಂದ ತಿಳಿಸಿದ್ದಾಯಿತು, ಕನ್ನಡದಲ್ಲಿ ತಿಳಿಸುವ ಬಗೆ ಹೇಗೆ? ಈ ಶಬ್ದವು ಹುಟ್ಟಿದ್ದಾದರೂ ಎಲ್ಲಿ?’ ಎಂಬುದು ನಮ್ಮ ಮಿತ್ರರ ಪ್ರಶ್ನೆ.

ಪ್ರಶ್ನೆಯು ಚಿಕ್ಕದು. ನಾಲ್ಕು ಸಾಲಿನಲ್ಲಿ ಉತ್ತರ ಬರೆದು ಮುಗಿಸಬಹುದೆಂದು ನಾವೂ ಎಣಿಸಿದ್ದೆವು. ಆದರೆ ಆ ಶಬ್ದದ ಬೆನ್ನು ಹತ್ತಿ ಹೊರಟಾಗ ಅದು ನಮ್ಮನ್ನು ಕೇಂಬ್ರಿಜ್ಜಿಗೂ ಲಂಡನ್ನಿಗೂ ಒಯ್ದು, ಅಲ್ಲಿಂದ ತಿರುಗಿ ಕರೆತಂದು ಕಿತ್ತೂರಿನ ಕೋಟೆಯ ಬಾಗಿಲಲ್ಲಿ ನಿಲ್ಲಿಸಿತು. ಅಷ್ಟಕ್ಕೇ ಬಿಡದೆ ನಮ್ಮ ಕೈಗೊಂದು ಕನ್ನಡಿಯನ್ನೂ ಕೊಟ್ಟಿತು. ಆದುದರಿಂದ ಉತ್ತರವನ್ನು ಅವರೊಬ್ಬರಿಗೇ ಬರೆಯದೆ ಎಲ್ಲ ವಾಚಕರ ಮುಂದೆ ಇಡುತ್ತಿದ್ದೇವೆ.

ಈಗ ರೂಢಿಯಲ್ಲಿರುವ ಅರ್ಥವು ಹಲವರಿಗೆ ಗೊತ್ತಿದ್ದದ್ದೇ. ತನ್ನ ಕುಲ, ಹಣ, ಓದು, ಅಭಿರುಚಿ ಇವೆಲ್ಲ ಇತರರವುಗಳಿಗಿಂತ ಮೇಲೆಂದು ಬಗೆದು ಉಳಿದವರನ್ನು ಕೀಳಾಗಿ ಕಾಣುವವನು ಸ್ನಾಬನು. ಆದರೆ ಶಬ್ದವು ಹುಟ್ಟಿದಾಗ ಅದರ ಅರ್ಥವು ಇದಕ್ಕೆ ತೀರ ವಿರುದ್ಧವಾಗಿದ್ದಿತು. 18ನೆಯ ಶತಮಾನದ ಕೊನೆಯ ಭಾಗದ ಇಂಗ್ಲೀಷ ಆಡುಮಾತಿನಲ್ಲಿ ಸ್ನಾಬನೆಂದರೆ ಜೋಡು ಹೊಲಿಯುವವನು, ಇಲ್ಲವೆ ಅವನ ಕೈಕೆಳಗೆ ಕೆಲಸ ಕಲಿಯುವ ಹುಡುಗನು. ಅಷ್ಟೆ. ಅದರಲ್ಲಿ ಡಂಭವೂ ಇಲ್ಲ, ಆಚಾರವೂ ಇಲ್ಲ. ಅರಿವೆ ಸುತ್ತಿದ ಮೊಣಕಾಲಿನ ಮೇಲೆ ತೊಗಲನ್ನಿಟ್ಟು, ಬಾಯಲ್ಲಿ ದಾರ ಹಿಡಿದು, ದಿನವಿಡೀ ಬಗ್ಗಿ ಕುಳಿತು ದುಡಿಯುವ ಒಬ್ಬ ಕಸುಬಿನವನ ಹೆಸರು ಅದು.

ಕಸುಬಿನ ಹೆಸರು ಬೈಗಳಾದುದು ಕೇಂಬ್ರಿಜ್ಜಿನ ವಿದ್ಯಾಪೀಠದಲ್ಲಿ. ಅಲ್ಲಿಯ ವಿದ್ಯಾರ್ಥಿಗಳು ಉದ್ದನೆಯ ನಿಲುವಂಗಿಯನ್ನು ತೊಡುತ್ತಿದ್ದರು. ಆ ನಿಲುವಂಗಿಯಿಲ್ಲದ ಊರಿನವರನ್ನು, ಎಂದರೆ ಅಂಗಡಿಕಾರ, ದರ್ಜಿ, ಬಡಿಗ, ಗಾಡಿ ಹೊಡೆಯುವವ ಇವರೆಲ್ಲರನ್ನು ಅವರು ಒಟ್ಟಿಗೆ ಸ್ನಾಬರೆಂದು ಕರೆಯತೊಡಗಿದರು. ಇದು 1790ರ ದಶಕದ ಮಾತು. ಊರಿನವರು ಹೊಲಿದ ಜೋಡನ್ನು ಮೆಟ್ಟಿ, ಊರಿನವರು ಸುಟ್ಟ ರೊಟ್ಟಿಯನ್ನು ತಿಂದು, ಆ ಊರಿನವರನ್ನೇ ಜೋಡು ಹೊಲಿಯುವವರೆಂದು ಹೀಯಾಳಿಸುವ ವಿದ್ಯೆಯನ್ನು ಈ ಪಂಡಿತಕುಮಾರರು ಸಂಪಾದಿಸಿದರು. ಮುಂದೆ ಕೆಲವು ವರ್ಷಗಳಲ್ಲಿ ಶಬ್ದವು ವಿದ್ಯಾಪೀಠದ ಗೋಡೆಯನ್ನು ದಾಟಿ, ಕುಲವಿಲ್ಲದ, ನಯವಿಲ್ಲದ ಸಾಮಾನ್ಯ ಮನುಷ್ಯನೆಂಬ ಅರ್ಥವನ್ನು ಪಡೆಯಿತು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತೆಗೆದುಹಾಕುವುದು ಅವಶ್ಯ. ವಿದ್ಯಾಪೀಠದ ಹಾಜರಿ ಪುಸ್ತಕದಲ್ಲಿ ಶ್ರೀಮಂತರಲ್ಲದ ಹುಡುಗರ ಹೆಸರಿನ ಮುಂದೆ ‘ಸಿನೆ ನೊಬಿಲಿತಾತೆ’, ಎಂದರೆ ‘ಕುಲೀನತೆಯಿಲ್ಲದವನು’, ಎಂಬ ಲ್ಯಾಟಿನ್ ಮಾತನ್ನು ಮೊಟಕು ಮಾಡಿ ಬರೆಯುತ್ತಿದ್ದರೆಂದೂ, ಅದರಿಂದಲೇ ಈ ಶಬ್ದ ಹುಟ್ಟಿತೆಂದೂ ಅನೇಕ ಕಡೆಗೆ ಹೇಳುವರು. ಕೇಳಲಿಕ್ಕೆ ಇದು ಸೊಗಸಾಗಿದೆ. ಆದರೆ ಹಾಗೆ ಬರೆದ ಪುಸ್ತಕವನ್ನು ಇದುವರೆಗೆ ಯಾರೂ ತೋರಿಸಿಲ್ಲ. ಕುಲೀನರ ಪ್ರಸ್ತಾಪ ಬರುವ ಮೊದಲೇ ಶಬ್ದವು ಜೋಡು ಹೊಲಿಯುವವನ ಪಾಲಿಗೆ ಬಂದಿದ್ದಿತು. ವಿನೋದವೆಂದರೆ, ಸ್ನಾಬನೆಂಬ ಶಬ್ದಕ್ಕೂ ಒಂದು ಲ್ಯಾಟಿನ್ ಮನೆತನವನ್ನು ಹುಡುಕಿಕೊಡುವ ಈ ಹವ್ಯಾಸವೇ ಸ್ನಾಬತನದ ಒಂದು ಮಾದರಿ! ಸಮಗಾರನ ಮನೆಯಲ್ಲಿ ಹುಟ್ಟಿದ ಕೂಸಿಗೆ ಪಂಡಿತರ ಮನೆಯ ಜಾತಕವನ್ನು ಬರೆದಂತಾಯಿತು.

ಇನ್ನು ಆ ಬೈಗಳನ್ನು ಬುಡಮೇಲು ಮಾಡಿದವನ ವಿಚಾರ. ಅವನು ಇಂಗ್ಲಿಷ ಕಾದಂಬರಿಕಾರನಾದ ವಿಲಿಯಂ ಮೇಕ್‌ಪೀಸ್ ಥ್ಯಾಕರೆ. 1811ರಲ್ಲಿ ಕಲಕತ್ತೆಯಲ್ಲಿ ಹುಟ್ಟಿದವನು. ತಂದೆ ರಿಚ್‌ಮಂಡ್ ಥ್ಯಾಕರೆ ಕಂಪನಿ ಸರಕಾರದ ಅಧಿಕಾರಿ. ಈ ಹುಡುಗನು ಕೇಂಬ್ರಿಜ್ಜಿನಲ್ಲಿದ್ದಾಗ, 1829ರಲ್ಲಿ, ಗೆಳೆಯರು ಕೂಡಿ ಹೊರಡಿಸಿದ ‘ದ ಸ್ನಾಬ್’ ಎಂಬ ಹೆಸರಿನ ಪುಟ್ಟ ವಿನೋದ ಪತ್ರಿಕೆಯಲ್ಲಿ ಬರೆದನು. ಮುಂದೆ 1846-47ರಲ್ಲಿ ಲಂಡನ್ನಿನ ‘ಪಂಚ್’ ವಾರಪತ್ರಿಕೆಯಲ್ಲಿ ಇಂಗ್ಲಂಡದ ಸ್ನಾಬರನ್ನು ಕುರಿತು ವರುಷ ಪೂರ್ತಿ ಲೇಖನಗಳನ್ನು ಬರೆದನು. 1848ರಲ್ಲಿ ಅವು ಪುಸ್ತಕವಾದವು. ಆ ಲೇಖನಗಳಲ್ಲಿ ಅವನು ಜೋಡು ಹೊಲಿಯುವವನನ್ನು ಬಿಟ್ಟು ಜೋಡು ಮೆಟ್ಟುವವನನ್ನು ಹಿಡಿದನು. ಸರದಾರನೊಬ್ಬನು ತನ್ನ ಕಡೆಗೆ ನೋಡಿ ತಲೆಯಾಡಿಸಿದರೆ ಜನ್ಮ ಸಾರ್ಥಕವಾಯಿತೆಂದು ತಿಳಿಯುವವನು, ಸಾಲ ಮಾಡಿ ದೊಡ್ಡವರಂತೆ ಔತಣ ಕೊಡುವವನು, ಬಡ ನೆಂಟನನ್ನು ಬೀದಿಯಲ್ಲಿ ಕಂಡರೆ ಮುಖ ತಿರುಗಿಸುವವನು, ಇವರೇ ನಿಜವಾದ ಸ್ನಾಬರೆಂದನು. ಹಿರಿಮೆಯಿಲ್ಲದ ವಸ್ತುವನ್ನು ಹಿರಿದೆಂದು ಭಾವಿಸಿ ಅದರ ಮುಂದೆ ತನ್ನನ್ನು ತಾನು ಕಿರಿದು ಮಾಡಿಕೊಳ್ಳುವುದೇ ಸ್ನಾಬತನವೆಂಬುದು ಅವನ ಒಟ್ಟು ಅಭಿಪ್ರಾಯ. ಅಂದಿನಿಂದ ಕೆಳಗಿನವರ ಮೇಲೆ ಬೀಳುತ್ತಿದ್ದ ಬೈಗಳು ಮೇಲಕ್ಕೆ ತಿರುಗಿತು. ಇನ್ನೊಂದು ಮಾತನ್ನು ವಾಚಕರು ಗಮನಿಸಬೇಕು: ಥ್ಯಾಕರೆಯು ಆ ಲೇಖನಮಾಲೆಯನ್ನು ತಾನೂ ಸ್ನಾಬರಲ್ಲೊಬ್ಬನೆಂದು ಹೇಳಿಕೊಂಡೇ ಬರೆದನು.

ಥ್ಯಾಕರೆ ಎಂಬ ಹೆಸರನ್ನು ಕೇಳಿದ ಕೂಡಲೆ ನಮ್ಮ ಭಾಗದ ವಾಚಕರ ಕಿವಿ ನಿಮಿರಿರಬೇಕು. ಅಹುದು. 1824ರ ಅಕ್ಟೋಬರ 23ರಂದು ಕಿತ್ತೂರಿನ ಕೋಟೆಯ ಮುಂದೆ ಬಿದ್ದ ಧಾರವಾಡದ ಕಲೆಕ್ಟರ ಸೇಂಟ್ ಜಾನ್ ಥ್ಯಾಕರೆಯು ಈ ರಿಚ್‌ಮಂಡನ ತಮ್ಮನು. ಕಾದಂಬರಿಕಾರನಿಗೆ ಸ್ವಂತ ಕಾಕನು. ಆ ಸಂಗತಿಯನ್ನು ನಮ್ಮವರಿಗೆ ವಿಸ್ತರಿಸಿ ಹೇಳಬೇಕಾದುದಿಲ್ಲ. ದೇಸಾಯಿ ಶಿವಲಿಂಗರುದ್ರಸರ್ಜನು ಆ ವರುಷ ಸೆಪ್ಟೆಂಬರದಲ್ಲಿ ಮಕ್ಕಳಿಲ್ಲದೆ ತೀರಿಕೊಂಡನು. ಅವನು ತೆಗೆದುಕೊಂಡ ದತ್ತಕವನ್ನು ಕಲೆಕ್ಟರನು ಒಪ್ಪದೆ ಭಂಡಾರಕ್ಕೆ ಮುದ್ರೆ ಹಾಕಿದನು. ರಾಣಿ ಚೆನ್ನಮ್ಮನು ಕೋಟೆಯ ಬಾಗಿಲನ್ನು ಮುಚ್ಚಿಸಿದಳು. ಬಾಗಿಲನ್ನು ಒಡೆಯಹೋದ ಥ್ಯಾಕರೆಯು ಅಮಟೂರ ಬಾಳಪ್ಪನ ಗುಂಡಿಗೆ ಬಿದ್ದನೆಂದು ನಾಡಿನ ಜನ ಇಂದಿಗೂ ಹೇಳುವರು. ಡಿಸೆಂಬರದ ಮೊದಲ ವಾರದಲ್ಲಿ ಕಂಪನಿಯ ದೊಡ್ಡ ಸೈನ್ಯದ ಮುಂದೆ ಕೋಟೆಯು ಬಿದ್ದಿತು. ರಾಣಿಯನ್ನು ಬೈಲಹೊಂಗಲದಲ್ಲಿ ಸೆರೆಯಲ್ಲಿಟ್ಟರು. ಅವಳು ಅಲ್ಲಿಯೇ 1829ರ ಫೆಬ್ರುವರಿಯಲ್ಲಿ ಕಣ್ಣು ಮುಚ್ಚಿದಳು. ಕಾಕನು ಸತ್ತಾಗ ಹದಿಮೂರು ವರುಷದ ಶಾಲಾ ಬಾಲಕನಾಗಿದ್ದ ಹುಡುಗನು, ಬೈಲಹೊಂಗಲದಲ್ಲಿ ರಾಣಿಯ ಸೆರೆಯು ಸಾವಿನಿಂದ ಬಿಡುಗಡೆಯಾದ ಅದೇ ವರುಷ, ಕೇಂಬ್ರಿಜ್ಜಿನಲ್ಲಿ ‘ಸ್ನಾಬ್’ ಪತ್ರಿಕೆಗೆ ಬರೆಯುತ್ತಿದ್ದನು.

ಇದರಿಂದ ಕಿತ್ತೂರಿನ ಗುಂಡಿಗೂ ಲಂಡನ್ನಿನ ಲೇಖನಿಗೂ ಕಾರ್ಯಕಾರಣ ಸಂಬಂಧವನ್ನು ಕಲ್ಪಿಸುವುದು ನಮ್ಮ ಉದ್ದೇಶವಲ್ಲ. ಅಂಥ ಕಲ್ಪನೆಯು ಲ್ಯಾಟಿನ್ ಜಾತಕದಂತೆಯೇ ಸುಳ್ಳಾದೀತು. ನಾವು ತೋರಿಸಬೇಕೆಂದಿರುವುದು ಇಷ್ಟೆ: ಬೈಗಳು ಕಲ್ಲಿನ ಮೇಲೆ ಕೆತ್ತಿದ ಅಕ್ಷರವಲ್ಲ. ಅದನ್ನು ಎಸೆದವನ ಕಡೆಗೇ ತಿರುಗಿಸಲು ಬರುತ್ತದೆ. ಇಂಗ್ಲಂಡದಲ್ಲಿ ಈ ಕೆಲಸವನ್ನು ಒಬ್ಬ ಲೇಖಕನು ಮಾಡಿದನು. ನಮ್ಮ ನಾಲ್ಕು ತಾಲೂಕುಗಳಲ್ಲಿ ಜನರೇ ಮಾಡಿರುವರು.

ಹೇಗೆಂದರೆ, ಕಂಪನಿಯ ಕಾಗದಗಳಲ್ಲಿ ಚೆನ್ನಮ್ಮನ ಕಡೆಯವರಿಗೆ ದೊರೆತ ಹೆಸರು ಬಂಡುಖೋರರೆಂದು. ಸಂಗೊಳ್ಳಿ ರಾಯಣ್ಣನನ್ನು ಆ ಹೆಸರು ಹಚ್ಚಿಯೇ 1831ರ ಜನೆವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದರು. 1858ರ ಮೇ ತಿಂಗಳಲ್ಲಿ ರಾಮದುರ್ಗದ ಹತ್ತಿರದ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ ಮ್ಯಾನ್ಸನ್ನನ ಕೊಲೆಯಾದಾಗ ನರಗುಂದದ ಬಾಬಾಸಾಹೇಬನಿಗೂ ಅದೇ ಹೆಸರು; ಮರು ತಿಂಗಳಲ್ಲಿ ಬೆಳಗಾವಿಯಲ್ಲಿ ಅವನಿಗೂ ಗಲ್ಲು. 1939ರಲ್ಲಿ ರಾಮದುರ್ಗ ಸಂಸ್ಥಾನದ ಪ್ರಜೆಗಳು ಎದ್ದು ಎರಡೂ ಪಕ್ಷಗಳಲ್ಲಿ ರಕ್ತ ಹರಿದಾಗ ಮತ್ತೆ ಅದೇ ಹೆಸರು. ನಾಡು ಸ್ವತಂತ್ರವಾದ ಮೇಲೆಯೂ ಹೆಸರು ಬಿಡಲಿಲ್ಲ. ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿದರು. ನೀರು ಸರಿಯಾಗಿ ಹೊಲಕ್ಕೆ ಬರುವ ಮೊದಲೇ ಕರದ ಚೀಟಿ ಮನೆಗೆ ಬಂದಿತೆಂದು ಸವದತ್ತಿ, ನವಲಗುಂದ, ನರಗುಂದಗಳ ಒಕ್ಕಲಿಗರು ಎದ್ದರು. 1980ರ ಜುಲೈ 21ರಂದು ನವಲಗುಂದ-ನರಗುಂದಗಳಲ್ಲಿ ಗೋಲಿಬಾರಾಯಿತು. ಆ ಒಕ್ಕಲಿಗರು ತಮ್ಮ ಹೋರಾಟಕ್ಕೆ ತಾವೇ ‘ಬಂಡಾಯ’ವೆಂದು ಹೆಸರಿಟ್ಟುಕೊಂಡು ಇಂದಿಗೂ ಆ ದಿನವನ್ನು ಆಚರಿಸುವರು. ಗಲ್ಲಿನ ಹಗ್ಗದಷ್ಟು ಬಿಗಿಯಾಗಿದ್ದ ಶಬ್ದವೊಂದು ನೂರೈವತ್ತು ವರುಷಗಳಲ್ಲಿ ಕೊರಳ ಮಾಲೆಯಾಯಿತು. ಚೆನ್ನಮ್ಮನ ಮೂರ್ತಿಯು 2007ರಿಂದ ದಿಲ್ಲಿಯ ಸಂಸತ್ತಿನ ಆವರಣದಲ್ಲಿ ನಿಂತಿದೆ.

ಇಲ್ಲಿಯವರೆಗೆ ಹೇಳಿದ್ದು ನಮಗೆ ಹೆಮ್ಮೆಯ ವಿಷಯ. ಇಷ್ಟಕ್ಕೆ ನಿಲ್ಲಿಸಿದರೆ ವಾಚಕರಿಗೂ ಸಂತೋಷ, ನಮಗೂ ಸಂತೋಷ. ಆದರೆ ನಾವು ಹೊರಟದ್ದು ಜೋಡು ಹೊಲಿಯುವವನ ಹೆಸರನ್ನು ಹಿಡಿದು. ಅವನ ಗತಿಯೇನಾಯಿತೆಂದು ಕೇಳದೆ ಮನೆಗೆ ಹೋಗುವುದು ಸಲ್ಲದು.

ಕೇಂಬ್ರಿಜ್ಜಿನ ಪೋರರು ಕಸುಬಿನ ಹೆಸರನ್ನು ಬೈಗಳು ಮಾಡಿದರೆಂದು ಮೇಲೆ ಹಳಿದೆವು. ನಾವು ಮಾಡಿದ್ದೇನು? ಬೈಲಹೊಂಗಲದ ಪೇಟೆಯಲ್ಲಿ, ರಾಮದುರ್ಗದ ಸಂತೆಯಲ್ಲಿ, ಯಾವ ಊರ ಕಟ್ಟೆಯ ಮೇಲೆಯೇ ಆಗಲಿ, ಇಬ್ಬರು ಜಗಳಾಡುವಾಗ ಬಾಯಿಂದ ಮೊದಲು ಹೊರಬೀಳುವ ಶಬ್ದಗಳನ್ನು ನೆನೆಸಿರಿ. ತೊಗಲು ಹದ ಮಾಡುವವನ ಹೆಸರು, ಕಸ ತೆಗೆಯುವವನ ಹೆಸರು, ಹಲಗೆ ಬಾರಿಸುವವನ ಹೆಸರು. ಯಾರ ದುಡಿಮೆಯಿಲ್ಲದೆ ಊರು ಒಂದು ವಾರವೂ ಬಾಳಲಾರದೋ ಅವರ ಹೆಸರುಗಳೇ ನಮ್ಮ ಬೈಗಳ ಬೊಕ್ಕಸ. ಇಂಗ್ಲೀಷರ ಬೈಗಳು ಒಂದು ಕಸುಬಿಗೆ ತಗಲಿತು; ಕಸುಬನ್ನು ಬಿಟ್ಟವನನ್ನು ಬಿಟ್ಟಿತು. ನಮ್ಮ ಬೈಗಳು ಹುಟ್ಟಿಗೆ ತಗಲಿತು. ಕಸುಬನ್ನು ಬಿಟ್ಟು ಮೊಮ್ಮಗನು ಮಾಸ್ತರನಾದರೂ ಬಿಡಲೊಲ್ಲದು.

ಇದು ನಡೆಯುತ್ತಿರುವುದು ಹರಳಯ್ಯನ ನಾಡಿನಲ್ಲಿ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನು ಬಸವಣ್ಣನವರಿಗಾಗಿ ತನ್ನ ಮತ್ತು ಹೆಂಡತಿಯ ತೊಡೆಯ ಚರ್ಮದಿಂದ ಪಾದರಕ್ಷೆ ಮಾಡಿ ತಂದನೆಂದೂ, ಅದನ್ನು ಮೆಟ್ಟುವ ಯೋಗ್ಯತೆ ತಮಗಿಲ್ಲವೆಂದು ಅವರು ತಲೆಯ ಮೇಲೆ ಹೊತ್ತರೆಂದೂ ಪರಂಪರೆಯು ಹೇಳುತ್ತದೆ. ಹರಳಯ್ಯನ ಮಗನಿಗೆ ಮಧುವರಸನ ಮಗಳನ್ನು ಕೊಟ್ಟ ಕಾರಣಕ್ಕೆ ಇಬ್ಬರು ಬೀಗರೂ ಬಿಜ್ಜಳನಿಂದ ಘೋರ ಶಿಕ್ಷೆಯನ್ನು ಅನುಭವಿಸಿದರು. ಥ್ಯಾಕರೆಗಿಂತ ಏಳು ಶತಮಾನ ಮೊದಲು ಜೋಡು ಹೊಲಿಯುವವನನ್ನು ‘ಶರಣ’ನೆಂದು ಕರೆದ ಭಾಷೆ ನಮ್ಮದು. ಆ ಶಬ್ದವನ್ನು ಜಯಂತಿಯ ದಿನಕ್ಕೆಂದು ಪೆಟ್ಟಿಗೆಯಲ್ಲಿಟ್ಟು, ಉಳಿದ ದಿನಗಳಿಗೆ ಬೈಗಳನ್ನು ಇಟ್ಟುಕೊಂಡವರು ನಾವು. 1950ರಲ್ಲಿ ಜಾರಿಗೆ ಬಂದ ಸಂವಿಧಾನವು ಅಸ್ಪೃಶ್ಯತೆಯನ್ನು ತೊಡೆದುಹಾಕಿತು. 1989ರ ದೌರ್ಜನ್ಯ ತಡೆ ಕಾಯಿದೆಗೆ 2015ರಲ್ಲಿ ತಂದ ತಿದ್ದುಪಡಿಯು, ಪರಿಶಿಷ್ಟರನ್ನು ನಾಲ್ಕು ಜನರೆದುರು ಜಾತಿಯ ಹೆಸರು ಹಿಡಿದು ಬೈಯುವುದೇ ಅಪರಾಧವೆಂದು ಬಿಡಿಸಿ ಹೇಳಿತು. ಮನೆಯ ಹಿರಿಯರು ಹೇಳಬೇಕಾಗಿದ್ದ ಮಾತನ್ನು ಪೊಲೀಸ ಠಾಣೆಯು ಹೇಳುವಂತಾದುದು ಒಂದು ನಾಡಿಗೆ ಭೂಷಣವೇ?

ಥ್ಯಾಕರೆಯು ವರ್ಣಿಸಿದ ಸ್ನಾಬನನ್ನು ಕಾಣಬೇಕಾದರೆ ಈ ಚಪ್ಪಲಿಯ ಸಂಗಡಲೇ ಇನ್ನೊಂದು ಹೆಜ್ಜೆ ನಡೆಯಿರಿ. ಕೊಲ್ಹಾಪುರಿ ಎಂದು ಹೆಸರಾದ ಚಪ್ಪಲಿಯನ್ನು ಮಾಡುವ ಕೈಗಳಲ್ಲಿ ಅನೇಕವು ಕನ್ನಡ ನಾಡಿನವು. 2019ರಲ್ಲಿ ಸರಕಾರವು ಅದಕ್ಕೆ ಭೌಗೋಳಿಕ ಗುರುತನ್ನು ಕೊಟ್ಟಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಸಂಗಡ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಈ ನಾಲ್ಕು ಜಿಲ್ಲೆಗಳನ್ನೂ ಹೆಸರಿಸಿತು. ಆ ಚಪ್ಪಲಿಯನ್ನು ಸಂತೆಯಲ್ಲಿ ನೆಲಕ್ಕೆ ಕುಳಿತು ಮಾರುವ ಮುದುಕನ ಸಂಗಡ ಹತ್ತು ರೂಪಾಯಿಗಾಗಿ ಹತ್ತು ನಿಮಿಷ ಹೆಣಗುವವರು ನಾವು. 2025ರ ಜೂನದಲ್ಲಿ ಇಟಲಿಯ ಪ್ರಾಡಾ ಕಂಪನಿಯು ಮಿಲಾನ್ ನಗರದ ಪ್ರದರ್ಶನದಲ್ಲಿ ಅಂಥವೇ ಚಪ್ಪಲಿಗಳನ್ನು, ಮೂಲದ ಹೆಸರನ್ನೆತ್ತದೆ ಮೆರೆಯಿಸಿತು. ಜನರು ಆಕ್ಷೇಪಿಸಿದ ಮೇಲೆ ಅವುಗಳ ಮೂಲವನ್ನು ಒಪ್ಪಿತು. ಆಗ ನಮ್ಮ ಸುಶಿಕ್ಷಿತರು ‘ಅದು ನಮ್ಮ ಚಪ್ಪಲಿ!’ ಎಂದು ಎದೆ ತಟ್ಟಿಕೊಂಡರು. ಮಿಲಾನಿನ ದೀಪದ ಬೆಳಕು ಬೀಳುವವರೆಗೆ ಅದು ‘ಅವರ’ ಚಪ್ಪಲಿಯಾಗಿತ್ತು. ಬಿದ್ದ ಕೂಡಲೆ ‘ನಮ್ಮ’ದಾಯಿತು! ತೊಗಲು ಅದೇ, ಹೊಲಿಗೆ ಅದೇ, ಕೈ ಅದೇ. ಬದಲಾದುದು ಹೊಗಳಿದವರ ಮುಖ ಮಾತ್ರ. ಸ್ನಾಬನೆಂದರೆ ಯಾರೆಂದು ಕೇಳಿದ ಹುಡುಗನಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾವು ಕೊಡಲಾರೆವು.

ಚಪ್ಪಲಿಯ ವಿಷಯದಲ್ಲಿ ಹೇಗೋ ಭಾಷೆಯ ವಿಷಯದಲ್ಲಿಯೂ ಹಾಗೆಯೆ. ಈ ಸೀಮೆಯಲ್ಲಿ ಕನ್ನಡಿಗರ ಮಕ್ಕಳೇ ಮರಾಠಿಯಲ್ಲಿ ಓದಿ, ಮರಾಠಿಯಲ್ಲಿ ಲೆಕ್ಕ ಬರೆದು, ಕನ್ನಡವನ್ನು ಅಡಿಗೆಯ ಮನೆಗೆ ಬಿಟ್ಟಿದ್ದ ಒಂದು ಕಾಲವಿದ್ದಿತು. ಅದು ಮರಾಠಿಯ ದೋಷವಲ್ಲ. ಅದು ಹಿರಿಯ ಸೋದರಭಾಷೆ. ಅಧಿಕಾರದ ಮಗ್ಗುಲಲ್ಲಿ ಕುಳಿತ ಭಾಷೆಯನ್ನಾಡಿದರೆ ತಾವೂ ಅಧಿಕಾರಸ್ಥರೆಂದು ತೋರುವೆವೆಂಬ ಭ್ರಮೆ ನಮ್ಮವರದು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಊರೂರು ಅಲೆದು ಕನ್ನಡ ಶಾಲೆಗಳಿಗೆ ಜೀವ ಕೊಡಬೇಕಾಯಿತು. 1890ರಲ್ಲಿ ಧಾರವಾಡದ ವಿದ್ಯಾವರ್ಧಕ ಸಂಘವು ಹುಟ್ಟಬೇಕಾಯಿತು. 1956ರಲ್ಲಿ ಪ್ರಾಂತಗಳು ಕೂಡಿದವು. 1973ರಲ್ಲಿ ಕರ್ನಾಟಕವೆಂಬ ಹೆಸರೂ ಬಂದಿತು. ಗಡಿಯ ಗೋಡೆ ಬಿದ್ದಿತು, ಮನಸ್ಸಿನ ಮಣೆ ಹಾಗೆಯೇ ಉಳಿಯಿತು. ಅಂದು ಮರಾಠಿಗೆ ಹಾಕಿದ್ದ ಮಣೆಯ ಮೇಲೆ ಇಂದು ಇಂಗ್ಲೀಷನ್ನು ಕುಳ್ಳಿರಿಸಿದ್ದೇವೆ.

ಇಂಗ್ಲೀಷನ್ನು ಕಲಿಯಬೇಡಿರೆಂದು ನಾವು ಹೇಳುವುದಿಲ್ಲ. ಈ ಲೇಖನದ ಅರ್ಧ ಭಾಗವು ಇಂಗ್ಲೀಷನ್ನು ಓದಿದ್ದರಿಂದಲೇ ಸಾಧ್ಯವಾಯಿತು. ಆದರೆ ಭಾಷೆಯನ್ನು ಕಲಿಯುವುದು ಬೇರೆ, ಭಾಷೆಯ ಮುಂದೆ ಡೊಗ್ಗು ಸಲಾಮು ಹೊಡೆಯುವುದು ಬೇರೆ. ಅಜ್ಜಿಗೆ ಓದಲು ಬಾರದ ಲಗ್ನಪತ್ರಿಕೆಯನ್ನು ಮೊಮ್ಮಗಳ ಮದುವೆಗೆ ಅಚ್ಚು ಹಾಕಿಸುವುದು ಕಲಿಕೆಯಲ್ಲ. ಕನ್ನಡ ಶಾಲೆಯ ಮಾಸ್ತರನೇ ತನ್ನ ಮಗನನ್ನು ಅಲ್ಲಿ ಸೇರಿಸಲು ನಾಚುವುದು ಕಲಿಕೆಯಲ್ಲ. ಈ ಮಾತನ್ನು ಬರೆಯುವಾಗ ನಮ್ಮ ಲೇಖನಿಯೂ ಸ್ವಲ್ಪ ತಡೆಯಿತೆಂದು ಒಪ್ಪಿಕೊಳ್ಳುತ್ತೇವೆ. ಕಚೇರಿಯ ಕಿಟಕಿಯಲ್ಲಿ ನಿಂತಾಗ ಬೇಗ ಕೆಲಸವಾಗಲೆಂದು ನಾಲ್ಕು ಇಂಗ್ಲೀಷ ಮಾತುಗಳನ್ನು ಎತ್ತರದ ದನಿಯಲ್ಲಿ ಆಡಿದ ನೆನಪು ನಮಗೂ ಉಂಟು. ಹಿಂದೆ ನಿಂತಿದ್ದ ರೈತನು ತಾನಾಗಿ ಒಂದು ಹೆಜ್ಜೆ ಸರಿದು ದಾರಿ ಬಿಟ್ಟದ್ದೂ ನೆನಪುಂಟು. ಥ್ಯಾಕರೆಯಂತೆ ನಾವೂ ಈ ಪಂಕ್ತಿಯಲ್ಲಿ ಕುಳಿತವರೇ.

ಇನ್ನು ಮಿತ್ರರ ಪ್ರಶ್ನೆಗೆ ಉತ್ತರ. ಕನ್ನಡದಲ್ಲಿ ಈ ಶಬ್ದಕ್ಕೆ ಸರಿದೂಗುವ ಮಾತಿಲ್ಲವೆಂದು ಯಾರೂ ಕೊರಗಬೇಕಾಗಿಲ್ಲ. ನಮ್ಮ ಸೀಮೆಯಲ್ಲಿ ಹೆಣ್ಣುಮಕ್ಕಳು ಬಾವಿಕಟ್ಟೆಯ ಮೇಲೆ ಆಡುವ ‘ಬಡಿವಾರ’ವೆಂಬ ಶಬ್ದವು ಅಂಗಡಿಯ ಕೋಶಕ್ಕಿಂತ ಚೊಕ್ಕಾಗಿ ಕೆಲಸ ಮಾಡುತ್ತದೆ. ಇಲ್ಲದ ಹಿರಿಮೆಯನ್ನು ತೋರಿಸಹೋಗುವವನು ಬಡಿವಾರದವನು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನೆಂಬ ಗಾದೆಯನ್ನು ಸಂಗಡ ಹೇಳಿದರೆ ಹುಡುಗನಿಗೆ ಚಿತ್ರವು ಕಣ್ಣಿಗೆ ಕಟ್ಟುವುದು. ಆದರೆ ಗಾದೆಯ ಅಲ್ಪನು ಕೊಡೆ ಹಿಡಿಯುವನಷ್ಟೆ. ಸ್ನಾಬನು ಕೊಡೆಯಿಲ್ಲದವನನ್ನು ಮಳೆಗೆ ನೂಕುವನು. ಆದುದರಿಂದ ‘ಮೇಲಿನವನಿಗೆ ಬಗ್ಗುವವನು, ಕೆಳಗಿನವನನ್ನು ಬಗ್ಗಿಸುವವನು’ ಎಂದು ಬಿಡಿಸಿ ಹೇಳುವುದು ಒಳಿತು.

ಹೇಳುವಾಗ ಶಬ್ದದ ಹುಟ್ಟನ್ನೂ ಮರೆಯದೆ ಹೇಳಬೇಕೆಂದು ನಾವು ಮಾಸ್ತರರನ್ನು ಪ್ರಾರ್ಥಿಸುತ್ತೇವೆ. ಇದು ಮೊದಲು ಜೋಡು ಹೊಲಿಯುವವನ ಹೆಸರಾಗಿತ್ತೆಂದು ಕೇಳಿದಾಗ, ತರಗತಿಯಲ್ಲಿ ಆ ಕಸುಬಿನ ಮನೆಯಿಂದ ಬಂದ ಹುಡುಗನಿದ್ದರೆ ಅವನು ತಲೆ ತಗ್ಗಿಸಬಹುದು. ಅವನು ತಲೆ ತಗ್ಗಿಸುವ ಮೊದಲೇ ಹರಳಯ್ಯನ ಕಥೆಯನ್ನು ಹೇಳಿರಿ. ‘ನಾಚಬೇಕಾದವನು ಹೊಲಿದವನಲ್ಲ, ಹೀಯಾಳಿಸಿದವನು’ ಎಂದು ಹೇಳಿರಿ. ಬಳಿಕ ಆ ತರಗತಿಯಲ್ಲಿ ಯಾರೂ ಯಾರನ್ನೂ ಕಸುಬಿನ, ಜಾತಿಯ ಹೆಸರಿನಿಂದ ಬೈಯುವುದಿಲ್ಲವೆಂಬ ಒಂದು ನಿಯಮವನ್ನು ಮಕ್ಕಳಿಂದಲೇ ಮಾಡಿಸಿರಿ. ಕಿತ್ತೂರಿನ ಕೋಟೆಯ ಬಾಗಿಲನ್ನು ಒಮ್ಮೆ ಮುಚ್ಚಿದ್ದು ಪರರ ದರ್ಪವನ್ನು ಹೊರಗಿಡಲಿಕ್ಕೆ. ನಮ್ಮದೇ ದರ್ಪವನ್ನು ಹೊರಹಾಕಲಿಕ್ಕೆ ಶಾಲೆಯ ಬಾಗಿಲು ಸಾಕು; ಅದರ ಕೀಲಿಯು, ಮಾಸ್ತರರೇ, ನಿಮ್ಮ ಕೈಯಲ್ಲಿದೆ.